ಗ್ರಹಣದ ದಿನ ಚೆಲ್ಲಿದ ಮಳೆ

ಆಗ ನನಗೆ ನಲವತ್ತು. ಮೂವತ್ತೊಂಬತ್ತು ವರ್ಷದ ಹಿಂದಿನ ಮಾತು. ಸಾರಕ್ಕಿ ಕೆರೆ ಪಕ್ಕದ ಪಂಪ್‌ಹೌಸಿನಲ್ಲಿ ಕಸ ಗುಡಿಸುತ್ತಿದ್ದೆ. ಅಂಗಳದಲ್ಲಿ ಮಳೆ ಅಳೆಯುವ ಡಬ್ಬಿಯಿತ್ತು. ದಿನಾ ಬೆಳಗ್ಗೆ ಎಂಟೂವರೆಗೆ ಅದರ ನೀರನ್ನು ಗೆರೆ ಹಾಕಿದ ಗಾಜಿಗೆ ಸುರಿದು ಎಷ್ಟೆಂದು ಬರೆಯಬೇಕು. ತೂಬಿನ ಕಲ್ಲಿನ ಗುರುತು ನೋಡಿ ಕೆರೆ ನೀರು ಎಷ್ಟಕ್ಕೆ ಬಂದಿದೆ ಎಂದೂ ಬರೆಯಬೇಕು. ಅಕ್ಷರ ಅಷ್ಟಕ್ಕಷ್ಟೆ, ಅಂಕಿ ಬರುತ್ತಿತ್ತು.

ಆ ಪುಸ್ತಕ ಜಯನಗರದ ಆಫೀಸಿಗೆ ಹೋಗುತ್ತಿತ್ತು. ಇಷ್ಟು ಮಳೆ ಬಿದ್ದರೆ ಕೆರೆಗೆ ಇಷ್ಟು ನೀರು ಹರಿದು ಬರುತ್ತದೆ ಎಂದು ಕಂಪ್ಯೂಟರ್ ಹೇಳುವ ಹಾಗೆ ಅಲ್ಲೊಬ್ಬ ಇಂಜಿನಿಯರ್ ಮೇಡಂ ಪ್ರೋಗ್ರಾಂ ಬರೆಯುತ್ತಿದ್ದರು. ಚಿಕ್ಕ ವಯಸ್ಸು. ಒಂದು ಬೆಳಗ್ಗೆ ಅಗಲದ ಕಾಗದದ ಕಟ್ಟು ಹಿಡಿದು ಬಂದು ಮೆಟ್ಟಿಲ ಮೇಲೆ ಕೂತರು. ಮುಖ ಬಾಡಿತ್ತು.

"ಎಲ್ಲಾ ದಿನ ಸರಿ ಬರುತ್ತೆ ಅಕ್ಕ, ಒಂದು ದಿನ ಮಾತ್ರ ಕೈ ಕೊಡುತ್ತೆ. ಮಳೆ ಸೊನ್ನೆ, ಕೆರೆ ನೋಡಿದ್ರೆ ಏರಿದೆ. ಸಂಜೆಯೊಳಗೆ ಸರಿಹೋಗ್ಲಿಲ್ಲ ಅಂದ್ರೆ ಸಾಹೇಬ್ರು ಈ ಕೆಲಸಾನೇ ನಿಲ್ಲಿಸ್ತಾರಂತೆ."

"ಯಾವತ್ತಿಂದು ಅದು?"

"ಹೋದ ತಿಂಗಳು ಗ್ರಹಣ ಆಯ್ತಲ್ಲ, ಮಾರನೇ ಬೆಳಗ್ಗೇದು."

ನನಗೆ ಗೊತ್ತಾಯಿತು. ಹೇಳಿದರೆ ನನ್ನ ಕೆಲಸ ಹೋಗಬಹುದು. ಆದರೂ ಹೇಳಿದೆ.

"ಅವತ್ತು ಎದ್ದು ಸ್ನಾನ ಮಾಡಿ ಮನೇಲಿದ್ದ ನೀರೆಲ್ಲ ಚೆಲ್ಲಿದೆ. ಇಲ್ಲಿ ಬಂದು ಡಬ್ಬೀದೂ ಚೆಲ್ಲಿದೆ. ಗ್ರಹಣ ಹಿಡಿದ ನೀರು ಯಾರಾದ್ರೂ ಇಟ್ಕೊಳ್ತಾರಾ?"

"ಮತ್ತೆ ಸೊನ್ನೆ ಯಾಕೆ ಬರೆದ್ರಿ?"

"ಎಂಟೂವರೆಗೆ ಡಬ್ಬಿ ಖಾಲಿ ಇತ್ತು. ಇಲ್ಲದ್ದನ್ನ ಎಲ್ಲಿಂದ ಬರೀಲಿ?"

ಮೇಡಂ ಕಾಗದದಲ್ಲಿ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು.

"ನಮ್ಮನೇಲಿ ನೀರಿಗೆ ದರ್ಭೆ ಹಾಕ್ಬಿಡ್ತಾರೆ ಅಕ್ಕ. ಆಮೇಲೆ ಗ್ರಹಣದ ದೋಷ ತಟ್ಟಲ್ಲ, ಚೆಲ್ಲೋದೂ ಬೇಡ. ಎಷ್ಟಿತ್ತು, ನೆನಪಿದ್ಯಾ?"

ಇತ್ತು. ಚೊಂಬಿಗೆ ಸುರಿದುಕೊಂಡು ಬೇಲಿಯಾಚೆ ಚೆಲ್ಲಿದ್ದೆ, ಕೊರಳ ತನಕ ಬಂದಿತ್ತು. ಅದೇ ಚೊಂಬಿಗೆ ಕೊರಳ ತನಕ ನೀರು ತುಂಬಿ ಗಾಜಿನಲ್ಲಿ ಅಳೆದೆವು. ಎರಡೂವರೆ ಗಾಜು. ಮೇಡಂ ಬರೆದುಕೊಂಡು ಓಡಿದರು.

ಸಂಜೆ ಆಟೋದಲ್ಲಿ ಬಂದರು, ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ಮೈಸೂರುಪಾಕಿನ ಪೊಟ್ಟಣ. ಕಂಪ್ಯೂಟರ್ ಹೇಳಿದ್ದಕ್ಕೂ ಕಲ್ಲಿನ ಗುರುತಿಗೂ ಎರಡು ಬೆರಳು ವ್ಯತ್ಯಾಸ ಅಷ್ಟೆ.

"ಮುಂದುವರಿಸಿ ಅಂದ್ರು ಸಾಹೇಬ್ರು. ಯಾವ ಉಪಕರಣದಲ್ಲಿ ಅಳೆದಿದ್ದು ಅಂತ ಕೇಳಿದ್ರು. ಚೊಂಬು ಅಂದೆ."

"ನನ್ನ ಕೆಲಸ?"

"ನೀವಿಲ್ದೆ ಚೊಂಬು ಯಾರು ನೋಡ್ಕೊಳ್ತಾರೆ?"

ಇಬ್ಬರೂ ಮೆಟ್ಟಿಲ ಮೇಲೆ ಕೂತು ಪೊಟ್ಟಣ ಖಾಲಿ ಮಾಡಿದೆವು. ಅಷ್ಟು ನಕ್ಕಿದ್ದು ನನಗೆ ಬೇರೆ ಯಾವತ್ತೂ ನೆನಪಿಲ್ಲ.

ಮಾರನೇ ಬೆಳಗ್ಗೆ ಗುಡಿಯ ಅರ್ಚಕರ ಮನೆಗೆ ಹೋಗಿ ಒಂದು ಹಿಡಿ ದರ್ಭೆ ಕೇಳಿ ತಂದು, ಪಂಪ್‌ಹೌಸಿನ ಮೊಳೆಗೆ ಕಟ್ಟಿಟ್ಟೆ.