ಮಾವಿನ ಮರದ ಮೇಲಿನ ಎಂಟು ಹೇಂಟೆಗಳು

ಬೋಟಿನ ಇಂಜಿನ್ ಡ್ರೈವರ್ ಆಗಿ ಇಪ್ಪತ್ತೇಳು ವರ್ಷ ಕಳೆದ ಮೇಲೆ ನನ್ನ ಎರಡೂ ಮಂಡಿಗಳು ಒಟ್ಟಿಗೇ ಕೈಕೊಟ್ಟವು. ಹೊನ್ನಾವರದ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಇನ್ನು ಬೋಟು ಹತ್ತೂದು ಬೇಡ, ಏಣಿ ಹತ್ತೂದೂ ಬೇಡ" ಎಂದರು. ಮಳೆಗಾಲ ಮುಗಿದು ಊರಿನ ಬೋಟುಗಳೆಲ್ಲ ಕಡಲಿಗಿಳಿದಾಗ ನಾನೊಬ್ಬ ಮನೆಯ ಜಗಲಿಯ ಮೇಲೆ ಕಾಲು ಚಾಚಿ ಕುಳಿತಿದ್ದೆ. ಹೆಂಡತಿ ಬೆಳಿಗ್ಗೆ ಎಂಟೂವರೆಗೆ ಶಾಲೆಗೆ ಹೋಗುತ್ತಾಳೆ. ಅಲ್ಲಿ ಬಿಸಿಯೂಟದ ಅಡುಗೆ ಅವಳದು. ಮೂರು ಗಂಟೆಗೆ ಅವಳು ತಿರುಗಿ ಬರುವವರೆಗೆ ಮನೆಯಲ್ಲಿ ನಾನು, ಅವಳು ಸಾಕಿದ ನಾಲ್ಕು ಹೇಂಟೆಗಳು ಮತ್ತು ಒಂದು ಹುಂಜ.

ಒಂದು ತಿಂಗಳು ಅವನ್ನೇ ನೋಡುತ್ತ ಕುಳಿತದ್ದರಿಂದ ಕೋಳಿಯ ವಿಷಯ ನನಗೆ ಪೂರ್ತಿ ಗೊತ್ತಾಗಿದೆ ಎಂಬ ನಂಬಿಕೆ ಹುಟ್ಟಿತು. ಅವು ಕೆದಕುತ್ತವೆ, ತಿನ್ನುತ್ತವೆ, ಮಧ್ಯಾಹ್ನ ಮಣ್ಣಿನಲ್ಲಿ ಹೊರಳುತ್ತವೆ, ಮನಸ್ಸಾದರೆ ಮೊಟ್ಟೆ ಇಡುತ್ತವೆ. ಇದರಲ್ಲಿ ಕಷ್ಟದ್ದು ಎಂತ ಇದೆ ಎನಿಸಿತು. ನಾಲ್ಕು ಇರುವ ಅಂಗಳದಲ್ಲಿ ಹನ್ನೆರಡು ಇರಬಹುದು. ಒಂದು ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿಗೆ ಹೇಳಿದೆ.

"ನಾಲ್ಕು ಕೋಳಿ ನೋಡೂಕೆ ನಾನೊಬ್ಬಳು ಸಾಕು. ಹನ್ನೆರಡಾದ್ರೆ ಯಾರು ನೋಡೂದು?" ಎಂದಳು.

"ನಾ ಇಲ್ವಾ?"

ಅವಳು ನನ್ನ ಮುಖ ನೋಡಲಿಲ್ಲ, ಮಂಡಿ ನೋಡಿದಳು. "ಕೋಳಿ ಓಡ್ತದೆ" ಎಂದಳು, ಅಷ್ಟೇ.

ಆ ಮಾತು ನನಗೆ ನಾಟಿತು. ಮರುದಿನದಿಂದಲೇ ಹಳೆಯ ಬೋಟಿನ ಹಲಗೆಗಳನ್ನು ತಂದು ಗೂಡನ್ನು ದೊಡ್ಡದು ಮಾಡಲು ಕುಳಿತೆ. ಕುಳಿತೇ ಮಾಡಿದೆ. ಹಿತ್ತಲಲ್ಲಿ ಆ ಗೂಡು ನೀರಿಗಿಳಿಸಲು ತಯಾರಾದ ದೋಣಿಯ ಹಾಗೆ ಕಾಣುತ್ತಿತ್ತು. ಹಳೆಯ ಐದು ಕೋಳಿಗಳು ಅದರೊಳಗೆ ಒಂದು ಮೂಲೆಯಲ್ಲಿ ಕುಳಿತು, ಉಳಿದ ಜಾಗ ಯಾರಿಗೆ ಎಂದು ಕೇಳುವಂತೆ ನನ್ನನ್ನು ನೋಡುತ್ತಿದ್ದವು.

ಹೆಂಡತಿಯ ತವರು ಗೇರುಸೊಪ್ಪದ ಹತ್ತಿರ. ಅವಳ ಅಕ್ಕನನ್ನು ಕೊಟ್ಟದ್ದೂ ಅದೇ ಊರಿಗೆ. ಅಕ್ಕನ ಮನೆಯಲ್ಲಿ ಊರಕೋಳಿಗಳು ಯಾವಾಗಲೂ ಮೂವತ್ತಕ್ಕೆ ಕಡಿಮೆ ಇರುವುದಿಲ್ಲ. ನಾನು ಬಸ್ಸು ಹತ್ತಿ ಹೋಗಿ ಒಂದು ರಾತ್ರಿ ಉಳಿದೆ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆಯುವ ಮೊದಲೇ ಅಕ್ಕ ಎಂಟು ಹೇಂಟೆಗಳನ್ನು ಹಿಡಿದು ದೊಡ್ಡ ಬಿದಿರ ಬುಟ್ಟಿಯೊಳಗೆ ಇಳಿಸಿದಳು. ಬುಟ್ಟಿಯ ಬಾಯಿಗೆ ಹಳೆಯ ಬಲೆಯ ತುಂಡೊಂದನ್ನು ನಾನೇ ಬಿಗಿದೆ. ಅಷ್ಟರಮಟ್ಟಿಗೆ ಅದು ನನ್ನ ವಿದ್ಯೆ.

"ಭಾವ, ಕೇಳಿ" ಎಂದಳು ಅಕ್ಕ. "ಕತ್ತಲಾಗೂ ಹೊತ್ತಿಗೆ, ಹಳೇ ಕೋಳಿ ಗೂಡು ಸೇರಿದ ಮೇಲೆ ಇವನ್ನು ಒಂದೊಂದಾಗಿ ಒಳಗೆ ಬಿಡಿ. ಬೆಳಿಗ್ಗೆ ಎದ್ದು ನೋಡಿದ್ರೆ ಎಲ್ಲಾ ಒಂದೇ ಮನೆಯವು ಅಂದ್ಕೊಳ್ತವೆ. ಒಂದು ವಾರ ಹೊರಗೆ ಮಾತ್ರ ಬಿಡಬೇಡಿ."

"ಆತು" ಎಂದೆ.

ಬಸ್ಸಿನಲ್ಲಿ ಕಂಡಕ್ಟರು ಕೋಳಿಗಳಿಗೂ ಟಿಕೆಟ್ ತೆಗೆಸಬೇಕು ಎಂದು ಬುಟ್ಟಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ತಲೆ ಎಣಿಸಲು ಶುರುಮಾಡಿದರು. ಒಂದು ತಲೆ ಒಳಗೆ ಹೋಗುವಾಗ ಇನ್ನೆರಡು ಹೊರಗೆ ಬರುತ್ತಿದ್ದವು. ಮೊದಲು ಹನ್ನೊಂದು ಎಂದರು, ಆಮೇಲೆ ಆರು ಎಂದರು. ಎಂಟು ಎಂದು ನಾನು ಹೇಳಿದರೆ ನಂಬಲಿಲ್ಲ. ಕೊನೆಗೆ ಹಿಂದಿನ ಸೀಟಿನ ಹೆಂಗಸೊಬ್ಬರು, "ಬುಟ್ಟಿಯಲ್ಲಿ ಇಷ್ಟು ಕೋಳಿ ಇಟ್ಟುಕೊಂಡು ಲೆಕ್ಕ ತಪ್ಪು ಹೇಳೂಕೆ ಅವರಿಗೆ ಹುಚ್ಚಾ?" ಎಂದ ಮೇಲೆ ಎಂಟು ಎಂದು ಒಪ್ಪಿಕೊಂಡರು.

ಮನೆ ಮುಟ್ಟಿದಾಗ ಹನ್ನೊಂದು ಗಂಟೆ. ಕತ್ತಲಾಗುವವರೆಗೆ ಕಾಯಬೇಕಾಗಿತ್ತು, ಅದು ನನಗೆ ಗೊತ್ತಿತ್ತು. ಆದರೆ ಹೆಂಡತಿ ಮೂರು ಗಂಟೆಗೆ ಬರುವಾಗ ಅಂಗಳದ ತುಂಬ ಕೋಳಿ ಮೇಯುತ್ತಿರಬೇಕು, ನಾನು ಜಗಲಿಯ ಮೇಲೆ ಆರಾಮವಾಗಿ ಕುಳಿತಿರಬೇಕು, ಅವಳು ಬಾಗಿಲಲ್ಲೇ ನಿಂತು ನೋಡಬೇಕು ಎಂಬ ಚಿತ್ರ ಬಸ್ಸಿನ ದಾರಿಯುದ್ದಕ್ಕೂ ಕಣ್ಣ ಮುಂದಿತ್ತು. ಅಂಗಳದ ನಡುವೆ ಬುಟ್ಟಿ ಇಟ್ಟು ಬಲೆ ಬಿಚ್ಚಿದೆ.

ಮೊದಲ ಹೇಂಟೆ ತಲೆ ಹೊರಗೆ ಹಾಕಿತು. ನಮ್ಮ ಹಳೆಯ ನಾಲ್ಕರಲ್ಲಿ ಯಜಮಾನಿಯಂತಿದ್ದ ಕರಿ ಕೋಳಿ ಬಂದು ಆ ತಲೆಗೇ ಕುಕ್ಕಿತು. ಆಮೇಲೆ ಏನಾಯಿತೆಂದು ಕ್ರಮವಾಗಿ ಹೇಳಲು ನನ್ನಿಂದಾಗದು. ಧೂಳು ಎದ್ದಿತು, ಪುಕ್ಕ ಹಾರಿತು, ಬುಟ್ಟಿ ಉರುಳಿತು. ನಮ್ಮ ಹುಂಜ, ಬಸ್ಸು ತುಂಬ ನೆಂಟರು ಬಂದಿಳಿದ ಮನೆಯ ಯಜಮಾನನ ಹಾಗೆ ಒಮ್ಮೆ ನಿಂತು ನೋಡಿ ಅಡುಗೆಮನೆಗೆ ಓಡಿತು. ನಾನು ಎದ್ದು ನಿಲ್ಲುವಷ್ಟರಲ್ಲಿ ಎಂಟೂ ಹೇಂಟೆಗಳು ಬೇಲಿ ಹಾರಿ ಪಕ್ಕದ ಮನೆಯ ಮಾವಿನ ಮರದ ಮೇಲಿದ್ದವು. ಕಾಡಂಚಿನಲ್ಲಿ ಬೆಳೆದ ಕೋಳಿಗಳು ಹಾಗೆ ಹಾರುತ್ತವೆಂದು ನನಗೆ ಯಾರೂ ಹೇಳಿರಲಿಲ್ಲ.

ಪಕ್ಕದ ಮನೆಯಾಕೆ ಮೀನು ಮಾರುವವರು, ಮನೆಮಾತು ಕೊಂಕಣಿ. ಮಾರ್ಕೆಟಿನಿಂದ ಆಗಷ್ಟೇ ಬಂದು ಮೆಟ್ಟಿಲ ಮೇಲೆ ಕುಳಿತು ಎಲೆ ಅಡಿಕೆ ಹಾಕುತ್ತಿದ್ದರು. ಮರವನ್ನೂ ನನ್ನನ್ನೂ ನಿಧಾನಕ್ಕೆ ನೋಡಿದರು.

"ನಿಮ್ಮದಾ?"

"ನಮ್ಮದೇ."

"ಈಗಲೂ?" ಎಂದರು.

ಮೂರು ಗಂಟೆಗೆ ಬಂದ ಹೆಂಡತಿ ಬಾಗಿಲಲ್ಲೇ ನಿಂತು ನೋಡಿದಳು, ಆದರೆ ಮರದ ಕಡೆ. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮರದ ಬುಡದಲ್ಲಿ ಅನ್ನ ಚೆಲ್ಲಿ ಕರೆದಳು, ಬರಲಿಲ್ಲ. ಮೀನಿನ ತಲೆ ಹಾಕಿದಳು. ಹಳೆಯ ನಾಲ್ಕು ಓಡಿ ಬಂದು ಅದನ್ನು ಮುಗಿಸಿದವು. ಮೇಲಿನವು ಮೀನನ್ನು ಕಂಡೇ ಇರದ ಕೋಳಿಗಳು, ಕತ್ತು ಓರೆ ಮಾಡಿ ನೋಡಿದವಷ್ಟೇ. ಆ ರಾತ್ರಿ ಅಲ್ಲೇ ಮಲಗಿದವು.

ಮರುದಿನ ಹೆಂಡತಿ ಶಾಲೆಗೆ ಹೋದ ಮೇಲೆ ಪಕ್ಕದ ಮನೆಯಾಕೆ ಬೇಲಿಯ ಹತ್ತಿರ ಬಂದು, "ಅಷ್ಟು ವರ್ಷ ಕಡಲಲ್ಲಿ ಇದ್ದವರಿಗೆ ಎಂಟು ಕೋಳಿ ಹಿಡೂಕೆ ಆಗೂದಿಲ್ವಾ?" ಎಂದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿರಬೇಕು. ನಾನು ಒಳಗೆ ಹೋಗಿ ಮಾಡಿಗೆ ತೂಗುಹಾಕಿದ್ದ ಬೀಸುಬಲೆ ತೆಗೆದೆ. ಕೆಳಗಿನ ಕೊಂಬೆಯಲ್ಲಿ ಮೂರು ಕೋಳಿ ಸಾಲಾಗಿ ಕುಳಿತಿದ್ದವು. ಬಲೆಯನ್ನು ಮೊಣಕೈ ಮೇಲೆ ಹಾಕಿ, ಸೊಂಟ ತಿರುಗಿಸಿ ಬೀಸಿದೆ. ಬೀಸಿದ್ದು ಚೆನ್ನಾಗಿಯೇ ಇತ್ತು, ಪೂರ್ತಿ ಬಿಚ್ಚಿ ಚಕ್ರದ ಹಾಗೆ ಹೋಯಿತು. ನೀರಿನ ಮೇಲಾಗಿದ್ದರೆ ನೋಡಿದವರು ಮೆಚ್ಚುತ್ತಿದ್ದರು. ಇಲ್ಲಿ ಅದು ಮಾವಿನ ಮರದ ಅರ್ಧಭಾಗವನ್ನು ಹಿಡಿದುಕೊಂಡಿತು. ಅಂಚಿನ ಸೀಸದ ಗುಂಡು ಬಡಿದು ಪಕ್ಕದ ಮನೆಯ ಎರಡು ಹೆಂಚು ಒಡೆದವು. ಕೋಳಿಗಳು ಇನ್ನೂ ಮೇಲಿನ ಕೊಂಬೆಗೆ ಹೋದವು.

ಆಕೆ ಸ್ವಲ್ಪ ಹೊತ್ತು ಬಲೆ ಉಟ್ಟ ತಮ್ಮ ಮರವನ್ನು ನೋಡಿ, "ಇರಲಿ, ಮಾವಿನಕಾಯಿ ಬಿದ್ದರೆ ಹಿಡೀತದೆ" ಎಂದರು. ಅದು ಕಾರ್ತಿಕ ಮಾಸ.

ಸಂಜೆ ಹೆಂಡತಿ ಅಕ್ಕನಿಗೆ ಫೋನ್ ಮಾಡಿದಳು. ನಾನು ಮಾಡಿದ್ದನ್ನೆಲ್ಲ ಬಲೆಯವರೆಗೆ ಬಿಡದೆ ಹೇಳಿದಳು. ಅಕ್ಕ, "ಫೋನು ದೊಡ್ಡ ದನಿಗೆ ಇಟ್ಟು ಮರದ ಹತ್ತಿರ ಹಿಡಿ" ಎಂದಳು. ಹೆಂಡತಿ ಏಣಿಯ ನಾಲ್ಕನೇ ಮೆಟ್ಟಿಲು ಹತ್ತಿ ಕೈ ಎತ್ತಿ ಹಿಡಿದಳು. ಗೇರುಸೊಪ್ಪದಿಂದ ಅಕ್ಕ ಕರೆಯತೊಡಗಿದಳು. "ಬೋ ಬೋ ಬೋ, ಬಾ ಬಾ ಬಾ."

ಎಂಟೂ ತಲೆಗಳು ಒಮ್ಮೆಗೇ ಫೋನಿನ ಕಡೆ ತಿರುಗಿದವು. ಆದರೆ ಒಂದೂ ಇಳಿಯಲಿಲ್ಲ. ಅಕ್ಕ ಕರೆದಳು, ಕರೆದಳು. ಆಮೇಲೆ ಫೋನಿನಿಂದ ಬಾಯಿ ತಿರುಗಿಸಿ ತನ್ನ ಗಂಡನಿಗೆ ಕೂಗಿದ್ದು ಕೇಳಿಸಿತು: "ದನಕ್ಕೆ ಕುಡೂಕೆ ಅಕ್ಕಚ್ಚು ಇಟ್ರಾ ಇಲ್ವಾ? ಎಷ್ಟು ಸಲ ಹೇಳೂದು ನಾನು?"

ಮೊದಲ ಹೇಂಟೆ ದೊಪ್ಪೆಂದು ಕೆಳಗೆ ಬಿತ್ತು. ಹಿಂದೆಯೇ ಎರಡನೆಯದು. ಒಂದು ನಿಮಿಷದಲ್ಲಿ ಎಂಟೂ ಹೆಂಡತಿಯ ಏಣಿಯ ಸುತ್ತ ಇದ್ದವು. ಅವಳು ಫೋನು ಹಿಡಿದುಕೊಂಡು ಗೂಡಿನವರೆಗೆ ನಡೆದಳು, ಅವು ಹಿಂದೆ ನಡೆದವು.

ಬೆಳಿಗ್ಗೆ ಗೂಡಿನ ಬಾಗಿಲು ತೆಗೆದವನೂ ನಾನೇ. ಒಂದು ವಾರ ಬಿಡಬೇಡಿ ಎಂದದ್ದು ಮರೆತಿತ್ತು. ಎಂಟೂ ಮತ್ತೆ ಮರ ಹತ್ತಿದವು.

ಸಂಜೆ ಮತ್ತೆ ಅಕ್ಕನಿಗೆ ಫೋನು. ಅವಳ ಮನೆಯಲ್ಲಿ ಸಿಗ್ನಲ್ ಎಲ್ಲ ಕಡೆ ಸಿಗುವುದಿಲ್ಲ, ಬಾಗಿಲ ಹೊಸ್ತಿಲಲ್ಲಿ ನಿಂತರೆ ಮಾತ್ರ. ದಿನವೂ ಹೀಗೆ ನಿಲ್ಲಲು ಆಗದು, ತನ್ನ ದನಿಯನ್ನು ರೆಕಾರ್ಡ್ ಮಾಡಿಕೊಳ್ಳಿ ಎಂದಳು. ನಾನು ನನ್ನ ಫೋನನ್ನು ಹೆಂಡತಿಯ ಫೋನಿಗೆ ಒತ್ತಿ ಹಿಡಿದೆ. ಅಕ್ಕ ಚೆನ್ನಾಗಿ ಕರೆದಳು. ಕೋಳಿಗಳು ಕದಲಲಿಲ್ಲ.

"ಬೈದ್ರೆ ಬತ್ತವೆ, ಅಕ್ಕ" ಎಂದಳು ಹೆಂಡತಿ.

"ಸುಮ್ಮನೆ ಹ್ಯಾಗೆ ಬೈಯೂದು?" ಎಂದು ಅಕ್ಕ ನಾಚಿಕೊಂಡಳು, ಆದರೂ ಪ್ರಯತ್ನ ಮಾಡಿದಳು. ಶಾಲೆಯ ನಾಟಕದಲ್ಲಿ ಮಾತು ಒಪ್ಪಿಸಿದಂತಿತ್ತು. ಕೋಳಿಗಳಿಗೂ ಹಾಗೇ ಅನಿಸಿರಬೇಕು, ಒಂದು ಹೇಂಟೆ ಪುಕ್ಕ ಕೆದರಿಕೊಂಡು ಕಣ್ಣು ಮುಚ್ಚಿತು. ಅಷ್ಟರಲ್ಲಿ ಆ ಕಡೆ ಯಾರೋ ಒಳಗೆ ಬಂದ ಸದ್ದಾಯಿತು, ಅಕ್ಕ ನಮ್ಮನ್ನು ಮರೆತಳು. "ಅಯ್ಯೋ, ಈಗಷ್ಟೇ ಒರೆಸಿದ್ದು ಅಲ್ದಾ? ಆ ಕೆಸರುಗಾಲು ಎಲ್ಲಿಡ್ತ್ರಿ? ಕಣ್ಣು ಕಾಣ್ತದಾ ಇಲ್ವಾ? ನಡೀರಿ ಹೊರಗೆ." ಎಂಟೂ ಕೆಳಗಿಳಿದವು. ನನ್ನ ಫೋನಿನಲ್ಲಿ ಅದಷ್ಟೂ ಸ್ಪಷ್ಟವಾಗಿ ದಾಖಲಾಗಿತ್ತು.

ಆಮೇಲೆ ಹತ್ತು ಹನ್ನೆರಡು ದಿನ ಸಂಜೆ ಐದೂವರೆಗೆ ನಮ್ಮ ಹಿತ್ತಲಲ್ಲಿ ಈ ಬೈಗುಳ ನಡೆಯಿತು. ಹಗಲೆಲ್ಲ ಅವು ಎರಡೂ ಹಿತ್ತಲಲ್ಲಿ ಮೇಯುತ್ತಿದ್ದವು, ಹೊತ್ತು ಇಳಿದರೆ ಮರಕ್ಕೆ ಹೋಗುತ್ತಿದ್ದವು, ಬೈದರೆ ಗೂಡಿಗೆ ಬರುತ್ತಿದ್ದವು. ಪಕ್ಕದ ಮನೆಯ ಯಜಮಾನರು ಮೊದಲ ಎರಡು ದಿನ ಅದನ್ನು ಕೇಳಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರಂತೆ. ಅಕ್ಕನಿಗೆ ಫೋನು ಮಾಡುವ ಅಗತ್ಯ ಮುಗಿದಿದ್ದರೂ ಅಕ್ಕತಂಗಿಯರಿಗೆ ಅಭ್ಯಾಸವಾಗಿಹೋಯಿತು, ಅಕ್ಕ ಹೊಸ್ತಿಲಲ್ಲೇ ಮಣೆ ಹಾಕಿಕೊಂಡಳಂತೆ. ಮೊದಲು ಹಬ್ಬಕ್ಕೊಮ್ಮೆ ಮಾತಾಡುತ್ತಿದ್ದವರು ಈಗ ದಿನಾ ಸಂಜೆ ಕೋಳಿಯಿಂದ ಶುರುಮಾಡಿ ಊರಿನ ಎಲ್ಲ ಮನೆ ಮುಗಿಸುತ್ತಿದ್ದರು. ಒಲೆ ಹಚ್ಚುವಾಗ ಎಂಟು ಗಂಟೆ.

ಇಷ್ಟರಲ್ಲಿ ಅಕ್ಕನ ಗಂಡ ಏನೋ ಕೆಲಸವೆಂದು ಹೊನ್ನಾವರಕ್ಕೆ ಬಂದವರು ರಾತ್ರಿ ಉಳಿಯಲು ನಮ್ಮ ಮನೆಗೆ ಬಂದರು. ಕಡಿಮೆ ಮಾತಿನ, ಉದ್ದನೆಯ ಮನುಷ್ಯ. ರೆಕಾರ್ಡಿನ ವಿಷಯ ಅವರಿಗೆ ಗೊತ್ತಿರಲಿಲ್ಲ. ಹೇಳುವುದು ಹೇಗೆ ಎಂದು ನಮಗೂ ಗೊತ್ತಿರಲಿಲ್ಲ. ಐದೂವರೆ ಆಯಿತು, ಆರು ಆಯಿತು. ಕೋಳಿಗಳು ಮರದ ಮೇಲೆ ಕಾಯುತ್ತಿದ್ದವು. ಹೆಂಡತಿ ಅಡುಗೆಮನೆಯ ಬಾಗಿಲಿಂದ ಬೇಡ ಬೇಡ ಎಂದು ಕಣ್ಣು ಮಾಡುತ್ತಿದ್ದಳು. ಆದರೆ ಹಿಂದಿನ ದಿನವಷ್ಟೇ ಮುಂಗುಸಿಯೊಂದು ಬೇಲಿಯ ಹತ್ತಿರ ಸುಳಿದಿತ್ತು. ಅವರು ಜಗಲಿಯಲ್ಲಿ ಚಹಾ ಕುಡಿಯುತ್ತಿರುವಾಗ ನಾನು ಮೆಲ್ಲಗೆ ಹಿತ್ತಲಿಗೆ ಹೋಗಿ, ದನಿ ಸ್ವಲ್ಪ ಕಡಿಮೆ ಮಾಡಿ ಒತ್ತಿದೆ.

"ಆ ಕೆಸರುಗಾಲು ಎಲ್ಲಿಡ್ತ್ರಿ?"

ಮುಂದಿನದನ್ನು ಹೆಂಡತಿ ನೋಡಿ ಹೇಳಿದ್ದು. ಅವರು ಎರಡೂ ಪಾದಗಳನ್ನು ನೆಲದಿಂದ ಎತ್ತಿ ಹಿಡಿದರಂತೆ. ಆಮೇಲೆ ಲೋಟ ಕೆಳಗಿಟ್ಟು, ಜಗಲಿ ಇಳಿದು, ನಲ್ಲಿಯ ಹತ್ತಿರ ಹೋಗಿ ಕಾಲು ತೊಳೆದರಂತೆ. ತೊಳೆದ ಮೇಲೆ ತಾನು ಎಲ್ಲಿದ್ದೇನೆಂದು ನೆನಪಾಗಿರಬೇಕು. ಹಿತ್ತಲಿಗೆ ಬಂದರು. ನನ್ನ ಕೈಯಲ್ಲಿ ಫೋನು, ಮುಂದೆ ಎಂಟು ಕೋಳಿ. ಅವರನ್ನು ಕಂಡದ್ದೇ ಎಂಟೂ ನನ್ನನ್ನು ಬಿಟ್ಟು ಅವರ ಕಾಲಿನ ಸುತ್ತ ಮುತ್ತಿಕೊಂಡವು.

"ಇನ್ನೊಂದು ಸಲ ಹಾಕಿ" ಎಂದರು.

ಹಾಕಿದೆ. ಅವರು ತಲೆ ಬಗ್ಗಿಸಿ ಪೂರ್ತಿ ಕೇಳಿದರು.

"ಇದರಲ್ಲಿ ಅವಳಿಗೆ ಸಿಟ್ಟಿಲ್ಲ" ಎಂದರು. "ಸಿಟ್ಟು ಬಂದ್ರೆ ಅವಳ ಸ್ವರ ಸಣ್ಣ ಆಗ್ತದೆ. ಇದು ಬರೀ ಸಂಜೆ ಮಾತು."

"ಕೋಳಿ ಇದನ್ನೇ ಕೇಳಿ ಇಳೀತವೆ, ಅಣ್ಣ."

"ಇಳೀದೆ ಎಂತ ಮಾಡ್ತವೆ? ಅವಳು ಕರೀತಾಳೆ, ಆಮೇಲೆ ನನಗೆ ಬೈತಾಳೆ. ಬೈದ ಮೇಲೆ ನಾ ಭತ್ತ ಹಿಡ್ಕೊಂಡು ಹೊರಗೆ ಬರ್ತೆ. ದಿನಾ ಹಾಗೇ." ಕಾಲ ಮೇಲೆ ಹತ್ತಿದ ಕೋಳಿಯೊಂದನ್ನು ಮೆಲ್ಲಗೆ ಸರಿಸಿ, "ನಾ ಬರೂದು ಭತ್ತಕ್ಕಲ್ಲ, ಒಳಗೆ ಇರೂಕೆ ಆಗದೆ" ಎಂದರು. ಮತ್ತೆ ತಾವೇ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಎರಡು ದಿನ ಉಳಿದರು. ಬಲೆಯನ್ನು ಮರದಿಂದ ಬಿಡಿಸಿ ಇಳಿಸಿಕೊಟ್ಟವರೂ ಅವರೇ. ಒಡೆದ ಹೆಂಚುಗಳ ಬದಲಿಗೆ ಹೊಸದನ್ನು ನಾನು ತಂದೆ, ಹೊದಿಸಿದ್ದು ಅವರು. ಸಂಜೆ ನನ್ನ ಕೈಗೆ ಭತ್ತ ಕೊಟ್ಟು ಗೂಡಿನ ಬಾಗಿಲಲ್ಲಿ ಕುಳ್ಳಿರಿಸಿದರು. "ನೀವು ಓಡೂದು ಬೇಡ. ಒಂದೇ ಜಾಗ, ಒಂದೇ ಹೊತ್ತು, ಒಂದೇ ಅಂಗಿ. ಅವು ಬರ್ತವೆ" ಎಂದರು. ಎಂಟು ದಿನ ಅದೇ ನೀಲಿ ಅಂಗಿ ಹಾಕಿದೆ. ಹೆಂಡತಿ ಅದನ್ನು ಮುಟ್ಟಲು ಒಪ್ಪಲಿಲ್ಲ. ಒಂಬತ್ತನೆಯ ಸಂಜೆ ಫೋನನ್ನು ಒಳಗೇ ಬಿಟ್ಟು ಬಂದೆ, ಅವು ಬಂದವು. ಕರಿ ಕೋಳಿ ಒಂದೆರಡಕ್ಕೆ ಕುಕ್ಕಿ ಬಾಗಿಲ ಬಳಿಯ ಜಾಗ ತನ್ನದೆಂದು ತಿಳಿಸಿತು. ಉಳಿದವು ಒಪ್ಪಿಕೊಂಡವು. ಹನ್ನೆರಡು ಹೇಂಟೆ, ಒಂದು ಹುಂಜ. ಹುಂಜ ಮಾತ್ರ ಆ ತಿಂಗಳು ಬಹಳ ಸೊರಗಿಹೋಯಿತು.

ಬೇಸಿಗೆಯಲ್ಲಿ ಹೊಸದರಲ್ಲಿ ಒಂದು, ಕಂದು ಚುಕ್ಕೆಯದು, ಕಾಣೆಯಾಯಿತು. ಎರಡು ದಿನ ಹುಡುಕಿದೆವು. ಮುಂಗುಸಿಯ ಪಾಲಾಯಿತು ಎಂದುಕೊಂಡೆವು. ಹೆಂಡತಿ ಒಂದು ಹೊತ್ತು ಸರಿಯಾಗಿ ಉಣ್ಣಲಿಲ್ಲ. ಮೂರು ವಾರ ಕಳೆದು ಒಂದು ಭಾನುವಾರ ಬೆಳಿಗ್ಗೆ ನಾವಿಬ್ಬರೂ ಜಗಲಿಯಲ್ಲಿ ಕುಳಿತಿದ್ದಾಗ ಪಕ್ಕದ ಮನೆಯ ಸೌದೆ ರಾಶಿಯ ಹಿಂದಿನಿಂದ ಅದು ಹೊರಗೆ ಬಂತು. ತೆಳ್ಳಗಾಗಿತ್ತು. ಹಿಂದೆ ಒಂದು, ಎರಡು, ಹೀಗೆ ಒಟ್ಟು ಒಂಬತ್ತು ಮರಿಗಳು. ಬೇಲಿಯ ಕೆಳಗೆ ನುಸುಳಿ ನಮ್ಮ ಅಂಗಳಕ್ಕೆ ಬಂದು, ನಮ್ಮ ಕಡೆ ನೋಡದೆ ನೆಲ ಕೆದಕಲು ಶುರುಮಾಡಿತು.

ನಾನು ಎದ್ದೆ. ಹೆಂಡತಿ ಅಂಗಿಯ ತುದಿ ಹಿಡಿದು ಎಳೆದು ಕೂರಿಸಿದಳು.

"ನೀವು ಎಂತದೂ ಮಾಡಬೇಡಿ" ಎಂದಳು. "ಅದಕ್ಕೆ ಗೊತ್ತು."

ನಾನು ಕುಳಿತೆ. ಅವಳು ಒಳಗೆ ಹೋಗಿ ಅಂಗೈಯಲ್ಲಿ ನುಚ್ಚು ತಂದು ಅಂಗಳಕ್ಕೆ ಎರಚಿದಳು, ಉಳಿದ ಅರ್ಧ ಹಿಡಿಯನ್ನು ನನ್ನ ಕೈಗೆ ಹಾಕಿದಳು.