ಅರ್ಜಿಯಲ್ಲಿ ಅಮ್ಮನ ಹೆಸರು

ನಿನ್ನೆ ಮೇಜಿನ ಡ್ರಾಯರ್ ಚೊಕ್ಕಟ ಮಾಡುವಾಗ ಹಳೆಯದೊಂದು ವೈಟ್ನರ್ ಶೀಸೆ ಸಿಕ್ಕಿತು. ಒಣಗಿ ಗಟ್ಟಿಯಾಗಿತ್ತು, ಮುಚ್ಚಳ ತಿರುಗಿಸಿದರೆ ವಾಸನೆ ಮಾತ್ರ ಇನ್ನೂ ಇತ್ತು. ನಿಮಗೂ ಗೊತ್ತಿರಬೇಕು, ಟೈಪ್ ಮಾಡಿದ ತಪ್ಪು ಮುಚ್ಚುವ ಆ ಬಿಳಿ ಬಣ್ಣದ ಘಾಟು. ನನಗೆ ಅದು ತಮ್ಮ ರಘುವಿನ ಅರ್ಜಿಯ ವಾಸನೆ.

ತೊಂಬತ್ತರ ದಶಕದ ನಡುವಿನ ಮಾತು. ಅಪ್ಪ ತೀರಿಕೊಂಡ ಮೇಲೆ ಸೆರಂಗೂನಿನ ಫ್ಲ್ಯಾಟಿನಲ್ಲಿ ಅಮ್ಮ, ನಾನು, ರಘು ಮೂವರೇ. ನಾನು ದೂರದ ಪೇಟೆಯ ನಡುವೆ, ರಾಫೆಲ್ಸ್ ಪ್ಲೇಸಿನ ಬ್ಯಾಂಕೊಂದರಲ್ಲಿ ಪತ್ರ ಟೈಪ್ ಮಾಡುತ್ತಿದ್ದೆ. ರಘು ಕೆಲವು ವರ್ಷ ಸೇನೆಯ ವಿಮಾನ ಹಾರಿಸಿ, ಆಮೇಲೆ ಪ್ರಯಾಣಿಕರ ವಿಮಾನಕ್ಕೆ ಬಂದಿದ್ದ. ಅಷ್ಟರಲ್ಲಿ ಸೇನೆಯ ಮೀಸಲು ಪೈಲಟ್ ಹುದ್ದೆಗೆ ಅರ್ಜಿ ಕರೆದರು. ವರ್ಷಕ್ಕೆ ಕೆಲವು ವಾರ ಹೋಗಿ ಹಾರಿ ಬರುವುದು. ಆ ಸಲ ತಪ್ಪಿದರೆ ಅವನ ವಯಸ್ಸು ಮೀರುತ್ತಿತ್ತು.

"ಆಕಾಶದಲ್ಲಿ ಬಸ್ ಓಡ್ಸಿ ಸಾಕಾಗಿದೆ ಅಕ್ಕ," ಎನ್ನುತ್ತಿದ್ದ.

ವಿಮಾನ ಇಳಿಸಬಲ್ಲವನಿಗೆ ಒಂದು ಕಾಗದ ನೆಟ್ಟಗೆ ಮಡಿಸಲು ಬರುತ್ತಿರಲಿಲ್ಲ. ಹಾಗಾಗಿ ಕಾಗದಪತ್ರ ಜೋಡಿಸುವ ಹೊಣೆ ನನ್ನ ತಲೆಗೆ ಬಂತು. ಹಾರಾಟದ ಲಾಗ್‌ಬುಕ್ಕಿನ ಪ್ರತಿಗಳು, ಲೈಸೆನ್ಸ್, ವೈದ್ಯರ ವರದಿ, ಹಳೆಯ ಅಧಿಕಾರಿಗಳ ಶಿಫಾರಸು. ಜೊತೆಗಿಡುವ ಪತ್ರವನ್ನು ನಾನೇ ಬಹಳ ಹೆಮ್ಮೆಯಿಂದ ಬರೆದೆ. ರಘು ಓದಿ, "ಅಕ್ಕ, ಕೊನೇಲಿ 'ನಮ್ಮ ಹತ್ತಿರದ ಶಾಖೆಗೆ ಭೇಟಿ ಕೊಡಿ' ಅಂತಿದೆ," ಎಂದ. ಹುಟ್ಟುಗುಣ ಸುಟ್ಟರೂ ಹೋಗದಂತೆ. ಬ್ಯಾಂಕಿನ ಗುಣವೂ ಅಷ್ಟೇ.

ಅರ್ಜಿಯ ಕೊನೆಯ ಪುಟದಲ್ಲಿ ಒಂದು ಚೌಕವಿತ್ತು: ಅವಘಡವಾದರೆ ಮೊದಲು ಯಾರಿಗೆ ತಿಳಿಸಬೇಕು? ಒಂದೇ ಹೆಸರಿಗೆ ಜಾಗ. ಯಾರನ್ನೂ ಕೇಳದೆ ನನ್ನ ಹೆಸರು, ಆಫೀಸಿನ ನಂಬರು ಟೈಪ್ ಮಾಡಿದ್ದೆ. ಇಂಗ್ಲಿಷ್ ಅಕ್ಷರಗಳನ್ನು ಒಂದೊಂದೇ ಕೂಡಿಸಿ ಓದುತ್ತಿದ್ದ ಅಮ್ಮನ ಕಣ್ಣು ಅಲ್ಲೇ ಬಿತ್ತು.

"ಇದ್ಯಾಕೆ ನಿನ್ ಹೆಸರು?"

"ಏನಾದ್ರೂ ಆದ್ರೆ ಫೋನ್ ಮಾಡೋಕಮ್ಮ."

ಅಮ್ಮ ಆ ಚೌಕದ ಮೇಲಿಟ್ಟ ಬೆರಳು ತೆಗೆಯಲಿಲ್ಲ. ರಘುವಿನ ಮುಖ ಸಪ್ಪಗಾಯಿತು. "ನೀನು ಬೇಡ ಅಂದ್ರೆ ಕಳ್ಸಲ್ಲಮ್ಮ," ಎಂದ. ಬಾಯಿಮಾತಿಗೆ ಹೇಳಿದ್ದಲ್ಲ, ಕಾಗದಗಳನ್ನು ಆಗಲೇ ಪಕ್ಕಕ್ಕೆ ಸರಿಸಿದ್ದ.

"ಬೇಡ ಅಂದ್ನಾ? ಅಲ್ಲಿ ನನ್ ಹೆಸರು ಹಾಕಿ, ಆಮೇಲೆ ಕಳ್ಸಿ."

"ಅವ್ರು ಇಂಗ್ಲಿಷಲ್ಲಿ ಮಾತಾಡ್ತಾರಮ್ಮ."

"ಕಲೀತೀನಿ."

ಕೊನೆಯ ದಿನಕ್ಕೆ ಒಂದು ವಾರವಿತ್ತು. ದಿನಾ ಊಟದ ಬಿಡುವಿನಲ್ಲಿ ನಾನು ಸೇನೆಯ ಅಧಿಕಾರಿಯಂತೆ ಆಫೀಸಿನಿಂದ ಮನೆಗೆ ಫೋನ್ ಮಾಡಬೇಕು, ಅಮ್ಮ ಉತ್ತರಿಸಬೇಕು. ಮೊದಲ ದಿನವೇ ಅಮ್ಮ, "ಯೆಸ್. ಮದರ್ ಸ್ಪೀಕಿಂಗ್," ಎಂದಳು, ಕಡ್ಡಿ ಮುರಿದಂತೆ. ಮುಂದಿನ ಮಾತು ನನ್ನದು. "ಮೇಡಂ, ಯುವರ್ ಸನ್…" ಎಂದೆ. ಅಲ್ಲಿಂದ ಮುಂದೆ ನಾಲಿಗೆ ಹೊರಳಲಿಲ್ಲ.

"ಇವತ್ತು ಏನ್ ಅಡುಗೆ?" ಎಂದೆ.

"ಹುರುಳೀಕಾಯಿ ಪಲ್ಯ. ಪೂರ್ತಿ ಹೇಳೇ, ನಾನು ಕಲೀಬೇಕು."

ವಾರವಿಡೀ ಹೀಗೆಯೇ. ಅಮ್ಮ ತನ್ನ ಪಾಠ ಕಲಿತಳು, ನನಗೆ ನನ್ನದು ಬರಲಿಲ್ಲ.

ವೈಟ್ನರ್ ಹಚ್ಚಿ ನನ್ನ ಹೆಸರು ಅಳಿಸಿ, ಅಮ್ಮನ ಹೆಸರು, ಮನೆಯ ನಂಬರು ಟೈಪ್ ಮಾಡಿದೆ. ಅರ್ಜಿ ಕೊಟ್ಟು ಬಂದ ಸಂಜೆ, ಯಾಕಮ್ಮ ಈ ಹಟ ಎಂದು ಕೇಳಿದೆ.

"ಆ ಫೋನ್ ನಿಂಗೆ ಬಂದ್ರೆ, ಎಮ್‌ಆರ್‌ಟಿ ರೈಲಲ್ಲಿ ಅಷ್ಟು ದೂರ ಒಬ್ಳೇ ಅದನ್ನ ಹೊತ್ಕೊಂಡ್ ಬರ್ಬೇಕು. ಬಂದು ನಂಗೂ ನೀನೇ ಹೇಳ್ಬೇಕು. ನಂಗೆ ಬಂದ್ರೆ ನಾನು ಮನೇಲೇ ಇರ್ತೀನಿ."

ರಘುವಿಗೆ ಹುದ್ದೆ ಸಿಕ್ಕಿತು. ಹಲವು ವರ್ಷ ಹಾರಿದ. ಆ ಫೋನ್ ಬರಲೇ ಇಲ್ಲ. ಅಮ್ಮನ ಇಂಗ್ಲಿಷ್ ಖರ್ಚಾದದ್ದೆಲ್ಲ ಸೋಫಾ ಮಾರಲು ಫೋನ್ ಮಾಡುವವರ ಮೇಲೆ.

ಅಮ್ಮ ಹೋದ ದಿನ ಆಸ್ಪತ್ರೆಯಲ್ಲಿ ನಾನೊಬ್ಬಳೇ ಇದ್ದೆ. ರಘು ಆಗಷ್ಟೇ ವಿಮಾನ ಇಳಿಸಿದ್ದ. "ಅಮ್ಮಂಗೆ ಸ್ವಲ್ಪ ಹುಷಾರಿಲ್ಲ, ನಿಧಾನವಾಗಿ ಬಾ," ಎಂದಷ್ಟೇ ಫೋನಿನಲ್ಲಿ ಹೇಳಿದೆ. ಅವನ ದಾರಿ ಹಗುರ ಮಾಡಿದೆ ಎಂಬ ಸಮಾಧಾನವನ್ನು ಇಷ್ಟು ವರ್ಷ ಒಳಗೊಳಗೇ ಇಟ್ಟುಕೊಂಡಿದ್ದೆ.

ನಿನ್ನೆ ಶೀಸೆ ಮುಚ್ಚಿಟ್ಟು ಅವನಿಗೆ ಫೋನ್ ಮಾಡಿ, ಅವತ್ತು ಸುಳ್ಳು ಹೇಳಿದೆ ಕಣೋ ಎಂದೆ.

"ಗೊತ್ತಿತ್ತು ಅಕ್ಕ," ಎಂದ. "ದನೀಲೇ ಗೊತ್ತಾಯ್ತು. ನಿನ್ ಬಾಯಲ್ಲಿ ಹೇಳಿಸ್ಬಾರ್ದು ಅಂತ ನಾನೂ ಕೇಳ್ಲಿಲ್ಲ."