ಅಜ್ಜಿ ಆರಿಸಿದ ಅವರೆಬೀಜ

ಆಗೆಲ್ಲ ತಮಿಳುನಾಡಿಗೆ ಸೇರಿದ ನಮ್ಮ ದೊಡ್ಡಗಾಜನೂರಿನಲ್ಲಿ ಶಿವರಾತ್ರಿ ಕಳೆಯಿತೆಂದರೆ ಜಗಲಿಯ ತುಂಬ ಒಣ ಅವರೆಯ ವಾಸನೆ. ಮೊರದ ಮುಂದೆ ಬಿತ್ತನೆಗೆ ಕಾಳು ಆರಿಸುವ ಅಜ್ಜಿ, ಎದುರಿಗೆ ಇಂಗ್ಲಿಷ್ ಪುಸ್ತಕ ಹಿಡಿದ ಎಂಟನೇ ಕ್ಲಾಸಿನ ನಾನು, ಕಂಬಕ್ಕೊರಗಿ ಹಗ್ಗ ಹೊಸೆಯುವ ಅಪ್ಪ.

"ಈ ಸಲಾನೂ ಇಂಗ್ಲೀಸಲ್ಲಿ ಪೇಲಾದ್ರೆ ಇಸ್ಕೂಲು ಸಾಕು, ಒಲಕ್ಕೆ ಬಾ" ಎಂದು ಅಪ್ಪ ಹೇಳಿಬಿಟ್ಟಿದ್ದರು.

ಆದದ್ದನ್ನು ಹೇಳಲು ಇಂಗ್ಲಿಷಿನಲ್ಲಿ ಎರಡು ದಾರಿ. ಎಲ್ಲಿ 'ಹ್ಯಾವ್' ಹಾಕಬೇಕು, ಎಲ್ಲಿ ಬಿಡಬೇಕು? ಸತ್ಯಮಂಗಲದ ಕಡೆಯ ನಮ್ಮ ಮೇಷ್ಟ್ರು ತಮಿಳಿನಲ್ಲಿ ವಿವರಿಸಿದ್ದರು. ತಮಿಳು ಅರ್ಥವಾಗಿತ್ತು, ಇಂಗ್ಲಿಷ್ ಆಗಿರಲಿಲ್ಲ.

"ಯಾಕಮ್ಮಿ ಮೊಕ ಊದುಸ್ಕಂಡಿದ್ದೀಯೆ?" ಎಂದಳು ಅಜ್ಜಿ. ಹೇಳಿದೆ.

"ಅಷ್ಟೇಯಾ? ಕೆಂದಸ ಈದದೆ ಅಂದ್ರೆ ಕರ ಕೊಟ್ಟಿಗೇಲದೆ, ಗಿಣ್ಣು ಒಲೆ ಮ್ಯಾಲದೆ. ಓದೊರ್ಸ ಈತು ಅಂದ್ರೆ? ಆ ಗಿಣ್ಣ ಈಗೆಲ್ಲಿ ತಂದೀಯೆ! ಇರೋದು ಒಂದ್ಕಡೆ ಆಕು, ಮುಗುದದ್ದು ಒಂದ್ಕಡೆ."

ಆಟ ಶುರುವಾಯಿತು. ಅಜ್ಜಿ ಹೇಳಿದ್ದನ್ನು ನಾನು ಇಂಗ್ಲಿಷಿಗೆ ತಿರುಗಿಸಬೇಕು. ಒಂದೊಂದು ಮಾತಿಗೂ ಒಂದು ಹಿಡಿ ಅವರೆ. ಇನ್ನೂ ಇರುವುದಾದರೆ 'ಹ್ಯಾವ್' ಹಾಕಿ ಬಿತ್ತನೆಯ ಮಡಕೆಗೆ, ಮುಗಿದದ್ದಾದರೆ ಸಾರಿನ ಬುಟ್ಟಿಗೆ.

"ಮೊನ್ನೆ ಆನೆ ಬಾಳೆ ಮುರೀತು."

"ಬುಟ್ಟಿಗೆ!"

"ನಿಮ್ಮಪ್ಪ ಮೀಸೆ ಬೋಳುಸವ್ನೆ."

"ಮಡಕೆಗೆ! ಇನ್ನೂ ಬೆಳ್ದಿಲ್ಲ."

ಅಪ್ಪನೂ ನಕ್ಕರು. ನಾಲ್ಕು ಮಧ್ಯಾಹ್ನ ಆಡಿದೆವು. ಹ್ಯಾವ್ ನನಗೆ ಒಗ್ಗಿತು. ನಾವು ಕೂತದ್ದು ಹುಳುಕು ಕಾಳು ಬೇರೆ ಮಾಡಲು ಎಂಬುದು ಮಾತ್ರ ಇಬ್ಬರಿಗೂ ಮರೆತೇಹೋಗಿತ್ತು.

ಹುಳು ಹಿಡಿಯದಂತೆ ಬೂದಿ ಬೆರೆಸಲು ಮಡಕೆ ಸುರಿದ ಅಪ್ಪನ ಅಂಗೈ ತುಂಬ ತೂತುಬಿದ್ದ ಕಾಳು. ಒಳ್ಳೆಯ ಬೀಜದಲ್ಲಿ ಅರ್ಧ ಆಗಲೇ ಸಾರಾಗಿ ನಮ್ಮ ಹೊಟ್ಟೆ ಸೇರಿತ್ತು.

"ಬಿತ್ನೆ ಬೀಜಾನೇ ತಿಂದಾಕ್ತಲ್ಲ ಇವಳ ಇಂಗ್ಲೀಸು! ನಾಳಿಂದ ಇಸ್ಕೂಲು ಬ್ಯಾಡ."

"ಕಾಳಾಕಿದ್ದು ನನ್ನ ಕೈ ಕಣ್ಲಾ. ನೀನೂ ಇಲ್ಲೇ ಕುಂತು ನಗ್ತಿದ್ದೆ ಅಲ್ವಾ? ಬೀಜ ನಾ ತತ್ತೀನಿ. ಮಗೀನ ಓದು ಬುಡುಸ್ಬ್ಯಾಡ" ಎಂದು ಅಜ್ಜಿ ಸೆರಗು ಸಿಕ್ಕಿಸಿ ಹೊರಟಳು.

ಬಿತ್ತನೆಗೆಂದು ಕೇಳಿದರೆ ಯಾರೂ ಇಲ್ಲವೆನ್ನುತ್ತಿರಲಿಲ್ಲ. ಬೆಳೆದ ಮೇಲೆ ಒಂದು ಹಿಡಿ ಹೆಚ್ಚು ಹಾಕಿ ಹಿಂದಿರುಗಿಸಿದರಾಯಿತು. ಮನೆಮನೆಯಲ್ಲೂ ಅಜ್ಜಿ ನಮ್ಮ ಪೆದ್ದುತನವನ್ನು ಬಣ್ಣಿಸಿ, ಎಲ್ಲರನ್ನೂ ನಗಿಸಿ, ಮಡಿಲು ತುಂಬಿಸಿಕೊಂಡು ಬಂದಳು. ಅಪ್ಪ ಅದಕ್ಕೆ ಬೂದಿ ಬೆರೆಸಿ ಮಡಕೆಗೆ ತುಂಬಿದರು. ನಾನು ಪರೀಕ್ಷೆ ಬರೆದೆ, ಪಾಸಾದೆ.

ಈಗ ಬೀಜ ಅಂಗಡಿಯ ಪೊಟ್ಟಣದಲ್ಲಿ ಬರುತ್ತದೆ. ಆರಿಸುವ ಕೆಲಸವಿಲ್ಲ, ಅದರ ನೆಪದಲ್ಲಿ ಎದುರುಬದುರು ಕೂರುವ ಮಧ್ಯಾಹ್ನಗಳೂ ಇಲ್ಲ. ಆದರೂ ನೆರೆಮನೆಯ ಮಕ್ಕಳು ಇಂಗ್ಲಿಷ್ ಕೇಳಲು ಬಂದರೆ ನಾನು ಮೊದಲು ಒಂದು ಹಿಡಿ ಅವರೆ ಹರಡುತ್ತೇನೆ. ಹುಳುಕನ್ನು ಮುಂಚೆಯೇ ತೆಗೆದಿಟ್ಟು.

ಆ ವರ್ಷ ಕಾರ್ತಿಕ ಕಳೆದ ಮೇಲೆ ಕಡ ತಂದ ಬೀಜ ಕಾಯಿ ಬಿಟ್ಟಿತು. ಮೊದಲ ಕೊಯ್ಲಿನ ಸೊಗಡು ಅವರೆಯನ್ನು ಅಪ್ಪ ಟವೆಲಿನಲ್ಲಿ ಗಂಟು ಕಟ್ಟಿ, ಸ್ಕೂಲಿನ ಬಾಗಿಲವರೆಗೂ ನನ್ನ ಜೊತೆ ನಡೆದು ಬಂದು, ಮೇಷ್ಟ್ರ ಕೈಗೆ ಕೊಟ್ಟರು.